ಎಡಗಡೆಯ ಅಂಚು

ಲೈಟರನ್ನು ತಲೆಕೆಳಗಾಗಿ ಹಿಡಿದು ಗ್ಯಾಸು ತುಂಬುತ್ತಿದ್ದಾಗ ಡಬ್ಬಿಯ ಮೂತಿ ಜಾರಿ, ಮಂಜುಗಡ್ಡೆಯಂಥ ತಣ್ಣನೆಯ ಗಾಳಿ ಅವಳ ಹೆಬ್ಬೆರಳಿಗೆ ಹೊಡೆಯಿತು. ಅವಳು ಕೈ ಕೊಡವಲಿಲ್ಲ. ಡಬ್ಬಿಯನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಒತ್ತಿದಳು. ತುಂಬಿದ ಮೇಲೆ ಎರಡು ನಿಮಿಷ ಹಾಗೇ ಬಿಡಬೇಕು, ಗ್ಯಾಸಿಗೂ ಉಸಿರು ಹಿಡಿದುಕೊಳ್ಳಲು ಹೊತ್ತು ಬೇಕು ಎಂದು ಗಂಡ ಹೇಳುತ್ತಿದ್ದ. ಗಂಡ ಪಕ್ಕದ ಕೋಣೆಯಲ್ಲಿ ಮಲಗಿದ್ದ, ನಿನ್ನೆ ಬೆಳಗಿನಿಂದ ಉಸಿರಿನ ಹಂಗಿಲ್ಲದೆ.

"ಅತ್ತಿಗೆ!" ನಾದಿನಿ ಬಾಗಿಲಲ್ಲಿ ನಿಂತಿದ್ದಳು. "ಗಾಡಿ ಬಂದು ನಿಂತಿದೆ, ನೀವು ಇಲ್ಲಿ ಅಂಗಡಿ ತೆರ್ಕೊಂಡು ಕೂತಿದೀರಲ್ಲ?"

"ಏಳು ಆಯ್ತು. ಇನ್ನೊಂದಿದೆ."

"ಯಾರಿಗೆ ಇವು? ಚಿತಾಗಾರದಲ್ಲಿರೋದು ಕರೆಂಟಿನ ಒಲೆ ಕಣ್ರೀ, ಲೈಟರ್ ಕೇಳಲ್ಲ."

"ಅವರು ಸರಿಮಾಡಿಟ್ಟವು. ಅಲ್ಲಿ ಹಜಾರದಲ್ಲಿ ಮೇಜಿನ ಮೇಲೆ ಇಡ್ತೀನಿ. ನಿಮ್ಮಣ್ಣನ ಕೈ ಎಂಥದಿತ್ತು ಅಂತ ಬಂದವರು ನೋಡಲಿ."

ನಾದಿನಿ ಒಂದು ಲೈಟರನ್ನು ಎತ್ತಿ ತಿರುಗಿಸಿ ನೋಡಿ ಇಟ್ಟಳು. "ಆ ಅಂಗಡಿ ಮಾಲೀಕನಿಗೆ ಹೇಳಿಕಳಿಸಿದೀರಾ?"

"ನಾನೇ ಫೋನ್ ಮಾಡಿದೆ. ನಾಲ್ಕು ಮಾತಾಡ್ಬೇಕು ಅಂತಾನೂ ಕೇಳ್ಕೊಂಡೆ."

"ಜಡ್ಜ್‌ಗೆ?"

"ಅವರಿಗೂ. ಆ ಸೇದೋ ಪೈಪನ್ನ ತರೋಕೆ ಹೇಳಿದೀನಿ."

ನಾದಿನಿ ಕುರ್ಚಿ ಎಳೆದು ಕುಳಿತಳು. ಎಂಟನೆಯ ಲೈಟರನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟಳು. "ಹಾಗಾದ್ರೆ ಇವತ್ತು ಸುಡೋದು ನಮ್ಮಣ್ಣನೊಬ್ಬನನ್ನೇ ಅಲ್ಲ ಅನ್ನಿ."

ಹಿಂದಿನಿಂದ ಮಗಳು ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಅಮ್ಮ, ಅಪ್ಪ ಇದನ್ನ ಬಯಸ್ತಿರಲಿಲ್ಲ."

"ಗೊತ್ತು ಮಗಳೇ. ಅವರು ಬಯಸಲಿಲ್ಲ ಅಂತ ಹತ್ತೊಂಬತ್ತು ವರ್ಷ ನಾನೂ ಬಯಸದೆ ಇದ್ದೆ."

ಅವಳು ಗ್ರಂಥಾಲಯವೊಂದರಲ್ಲಿ ಪುಸ್ತಕಗಳ ಪಟ್ಟಿ ಬರೆದೇ ತಲೆ ಹಣ್ಣಾದವಳು. ಒಂದು ಪದ ಬರೆಯುವ ಮುಂಚೆ ಮೂರು ಸಲ ನೋಡುವ ಅಭ್ಯಾಸ. "ನಾನಿರೋವರೆಗೂ ಈ ಮಾತು ಎತ್ತಬೇಡ" ಎಂದು ಗಂಡ ಮಾತು ತೆಗೆದುಕೊಂಡಿದ್ದ. ಆ ಮಾತಿಗೆ ಒಂದು ಗಡುವಿದೆ ಎಂಬುದನ್ನು ಅವಳು ಅಂದೇ ಗಮನಿಸಿದ್ದಳು, ಗಮನಿಸಿದ್ದಕ್ಕೆ ತನ್ನ ಮೇಲೆ ತಾನೇ ಹೇಸಿಕೊಂಡಿದ್ದಳು. ನಿನ್ನೆ ವೈದ್ಯರು ಕೈ ಬಿಟ್ಟು ಎದ್ದಾಗ ಮೊದಲು ನೆನಪಾದದ್ದು ಅದೇ. ಅಳು ಬಂದದ್ದು ಆಮೇಲೆ.

ಸಂಜೆ ನಾಲ್ಕಕ್ಕೆ ಒಲೆಯ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ, ಗಂಡನ ಮುಖ ಇನ್ನೂ ಕಾಣುತ್ತಿರುವಾಗಲೇ, ಎಲ್ಲರ ಎದುರಿಗೆ ಮಾಲೀಕನ ಬಾಯಿಂದ ಬರಬೇಕಾಗಿದ್ದುದು ಒಂದೇ ವಾಕ್ಯ: ಅದನ್ನು ಸುಟ್ಟವನು ನಾನು.

*

ಪೇಟೆಯ ತಿರುವಿನಲ್ಲಿದ್ದ ಆ ಅಂಗಡಿಯಲ್ಲಿ ಪೈಪು, ತಂಬಾಕು, ಲೈಟರು ಬಿಟ್ಟರೆ ಬೇರೇನೂ ಇರಲಿಲ್ಲ. ಲೈಟರುಗಳ ಗಾಜಿನ ಪೆಟ್ಟಿಗೆಯ ಹಿಂದೆ ಅವಳ ಗಂಡ ಇಪ್ಪತ್ತಾರು ವರ್ಷ ನಿಂತಿದ್ದ. ಗಿರಾಕಿಗಳು ಅವನನ್ನು ಕಿಡಿ ಮೇಷ್ಟ್ರು ಎನ್ನುತ್ತಿದ್ದರು. ತಾನು ಮಾತ್ರ ಜನ್ಮದಲ್ಲಿ ಒಂದು ದಮ್ಮು ಎಳೆದವನಲ್ಲ.

"ಈಜು ಬಾರದವನ ಹತ್ರ ದೋಣಿ ಕೊಂಡ ಹಾಗಾಯ್ತು," ಎಂದು ಅವರು ನಗುತ್ತಿದ್ದರು.

"ಮುಳುಗೋ ಭಯ ಇರೋನೇ ಸ್ವಾಮಿ ಒಳ್ಳೆ ದೋಣಿ ಆರಿಸೋದು," ಎನ್ನುತ್ತಿದ್ದ ಅವನು.

ಶನಿವಾರ ಅವಳಿಗೆ ಅರ್ಧ ದಿನದ ಕೆಲಸ. ಗ್ರಂಥಾಲಯದಿಂದ ನೇರ ಅಂಗಡಿಗೆ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು ಅವನ ವ್ಯಾಪಾರ ನೋಡುತ್ತಿದ್ದಳು. ಒಮ್ಮೆ ಒಬ್ಬ ಹಲ್ಲಿನ ಡಾಕ್ಟರು ಬಂದು, ಹೊಳೆಯುವ ದಪ್ಪ ಲೈಟರೊಂದಕ್ಕೆ ಬೆರಳು ತೋರಿಸಿ ಅದೇ ಬೇಕೆಂದರು.

"ಕೊಡೋಣ. ಮೊದಲು ಹೇಳಿ, ಯಾವ ಕೈಲಿ ಹಚ್ತೀರಿ?"

"ಬಲಗೈಲಿ. ಯಾಕೆ?"

"ಸೇದೋದು ಒಳಗೋ, ಹೊರಗೋ?"

"ಹೆಂಡತಿ ಇದ್ರೆ ಹೊರಗೆ."

"ಹಾಗಾದ್ರೆ ಹೊರಗೇ ಅನ್ನಿ." ಅವನು ಪೆಟ್ಟಿಗೆ ತೆರೆದ. "ನೀವು ಕೇಳಿದ್ದು ಪೆಟ್ರೋಲಿಂದು. ಗಾಳಿಗೆ ಆರಲ್ಲ, ಸುಳ್ಳು ಹೇಳಲ್ಲ. ಆದ್ರೆ ಮೊದಲ ಹತ್ತು ದಮ್ಮು ಪೆಟ್ರೋಲ್ ಬಂಕಲ್ಲಿ ನಿಂತು ಎಳೆದ ಹಾಗಿರುತ್ತೆ. ತಂಬಾಕಿಗೆ ಅಷ್ಟು ದುಡ್ಡು ಸುರಿದು ಅದರ ಬಾಯಿಗೆ ಪೆಟ್ರೋಲ್ ಹಾಕೋದು ಯಾತಕ್ಕೆ? ಇದನ್ನ ನೋಡಿ, ಗ್ಯಾಸಿಂದು. ಜ್ವಾಲೆ ಮೇಲಕ್ಕಲ್ಲ, ಪಕ್ಕಕ್ಕೆ ಬರುತ್ತೆ. ಪೈಪಿನ ಬಟ್ಟಲ ಮೇಲೆ ಅಡ್ಡ ಹಿಡೀರಿ, ನಿಮ್ಮ ಬೆರಳು ಸುಡಲ್ಲ. ಉಸಿರು ಎಳ್ಕೊಳ್ಳಿ. ಬೆಂಕಿ ತಾನಾಗಿ ತಲೆ ಬಗ್ಗಿಸಿ ಒಳಗೆ ಹೋಗುತ್ತೆ. ನೂಕಬೇಡಿ. ನೂಕಿದರೆ ಮರದ ಅಂಚು ಸುಡುತ್ತೆ."

"ಹಚ್ಚಿದ ಮೇಲೆ ಆರಿಹೋಗುತ್ತಲ್ಲ ಮೇಷ್ಟ್ರೇ?"

"ಆರಬೇಕು. ಮೊದಲ ಸಲ ಹಚ್ಚಿದ್ದು ಬರೀ ಪರಿಚಯ. ತಂಬಾಕು ಉಬ್ಬಿ ಮೇಲೆ ಬರುತ್ತೆ, ಮೆತ್ತಗೆ ಒತ್ತಿ, ಮತ್ತೆ ಹಚ್ಚಿ. ಸಂಸಾರ ಶುರುವಾಗೋದು ಎರಡನೇ ಸಲಕ್ಕೆ."

ಡಾಕ್ಟರು ನಕ್ಕು ಅದನ್ನೇ ಕೊಂಡರು. ಕೆಳಗಿನ ತಟ್ಟೆಯಲ್ಲಿ ನೀಲಿ ಜ್ವಾಲೆಯ ಹೊಸ ಲೈಟರುಗಳಿದ್ದವು. ಒತ್ತಿದರೆ ಸುಯ್ಯೆಂದು ಸದ್ದು ಮಾಡುತ್ತ, ಸೂಜಿಯಂತೆ ನೆಟ್ಟಗೆ ಉರಿಯುವಂಥವು. ಅವನ್ನು ಅವನು ಯಾರಿಗೂ ತೋರಿಸಲಿಲ್ಲ. "ಅವು ತಗಡು ಬೆಸೆಯೋಕೆ ಸರಿ," ಎಂದು ಅವಳ ಕಿವಿಯಲ್ಲಿ ಹೇಳಿದ. "ಮಾಲೀಕರು ಪೆಟ್ಟಿಗೆಗಟ್ಟಲೆ ತರಿಸಿಬಿಟ್ಟಿದಾರೆ."

ಮಾಲೀಕ ಆಗಿನ್ನೂ ಮೂವತ್ತು ದಾಟದವನು. ಅಪ್ಪ ಸತ್ತ ಮೇಲೆ ಗಲ್ಲಾದಲ್ಲಿ ಕೂತವನು. ಪೈಪು ತುಂಬುವುದು, ಹಚ್ಚುವುದು, ಶುಚಿ ಮಾಡುವುದು, ಎಲ್ಲವನ್ನೂ ಅವನಿಗೆ ಕಲಿಸಿದ್ದು ಕಿಡಿ ಮೇಷ್ಟ್ರೇ. ಮಾಲೀಕ ಎಡಗೈಯವನಾದ್ದರಿಂದ ಕಲಿಸುವಾಗ ತಾನೂ ಎಡಗೈಯಲ್ಲಿ ಹಿಡಿದು ತೋರಿಸಬೇಕಾಯಿತು ಎಂದು ಗಂಡ ಮನೆಗೆ ಬಂದು ಹೇಳಿಕೊಂಡಿದ್ದ, ಹೆಮ್ಮೆಯಿಂದ.

*

ಜಡ್ಜ್ ಆ ಪೈಪನ್ನು ಶುಚಿ ಮಾಡಲು ಕೊಟ್ಟಿದ್ದರು. ಅವರ ತಂದೆಯ ಕಾಲದ್ದು. ಗೆರೆಗೆರೆಯಾದ ಕಂದು ಮರ, ಅಂಚು ಹೊಸ ಬಳೆಯ ಹಾಗೆ ನುಣ್ಣಗಿತ್ತು. ಶುಚಿ ಮಾಡಿದ ಪೈಪನ್ನು ಒಮ್ಮೆ ಹಚ್ಚಿ ನೋಡಿಯೇ ಗಿರಾಕಿಗೆ ಕೊಡುವುದು ಆ ಅಂಗಡಿಯ ಪದ್ಧತಿ. ಮೇಷ್ಟ್ರು ಬಾಯಿಗಿಡದೆ, ಪೈಪಿನ ತುದಿಗೆ ಗಾಳಿ ಎಳೆಯುವ ಒಂದು ರಬ್ಬರಿನ ಬುಗ್ಗೆ ಸಿಕ್ಕಿಸಿ, ಎಡಗೈಯಲ್ಲಿ ಅದನ್ನು ಒತ್ತಿ ಬಿಡುತ್ತ, ಬಲಗೈಯಲ್ಲಿ ಲೈಟರು ಹಿಡಿದು ಹಚ್ಚುತ್ತಿದ್ದ. ಆ ದಿನ ಅವನು ಊಟಕ್ಕೆ ಎದ್ದುಹೋದ ಅರ್ಧ ಗಂಟೆಯಲ್ಲಿ ಮಾಲೀಕ ಆ ಪೈಪನ್ನು ತಾನೇ ಬಾಯಿಗಿಟ್ಟು, ಹೊಸ ನೀಲಿ ಲೈಟರಿನಲ್ಲಿ ಹಚ್ಚಿ ನೋಡಿದ.

ಜಡ್ಜ್ ಬಂದಾಗ ಅಂಚಿನಲ್ಲಿ ಹೆಬ್ಬೆರಳಿನಗಲದ ಕರಿ ಗಾಯವಿತ್ತು.

"ನಮ್ಮ ಮೇಷ್ಟ್ರ ಕೈ ಒಂಚೂರು ಜಾರಿತು ಸರ್," ಎಂದ ಮಾಲೀಕ. ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಆಗಷ್ಟೇ ಒಳಗೆ ಬರುತ್ತಿದ್ದ. ಅವನು ಕೇಳಿಸಿಕೊಂಡ. ಏನೂ ಹೇಳಲಿಲ್ಲ.

ಒಂದು ವಾರದಲ್ಲಿ ಜಡ್ಜ್ ಹೋಗುವ ಕ್ಲಬ್ಬಿನಲ್ಲೆಲ್ಲ ಅವನ ಹೆಸರು ಬದಲಾಯಿತು. ಕಿಡಿ ಮೇಷ್ಟ್ರು ಸುಟ್ಟ ಮೇಷ್ಟ್ರು ಆದ. ಗಿರಾಕಿಗಳು ಪೈಪು ಕೊಡುವಾಗ, "ಅವರ ಕೈಗೆ ಬೇಡ," ಎನ್ನತೊಡಗಿದರು. ಮಾಲೀಕ ಅವನನ್ನು ಹಿಂದಿನ ಗೋದಾಮಿಗೆ ಕಳಿಸಿದ. ಮೂರು ತಿಂಗಳಾದ ಮೇಲೆ ಗೋದಾಮಿನಲ್ಲೂ ಕೆಲಸವಿಲ್ಲ ಎಂದ. ಆಮೇಲೆ ಸಾಯುವವರೆಗೂ ಅವನು ಕೂತದ್ದು ಜೆರಾಕ್ಸ್ ಅಂಗಡಿಯೊಂದರ ಮೆಟ್ಟಿಲ ಕೆಳಗೆ, ಕೆಟ್ಟ ಲೈಟರುಗಳ ಕಿಡಿಕಲ್ಲು ಬದಲಾಯಿಸುತ್ತ. ಅಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ವರ್ಷಗಳು ಕಳೆದಂತೆ ಮನೆಯಲ್ಲೂ ಅವನು ಬಾಗಿಯೇ ನಡೆಯತೊಡಗಿದ.

ಗೋದಾಮಿಗೆ ಕಳಿಸಿದ ದಿನ ಸಂಜೆ ಅವನು ಅಡುಗೆಮನೆಯಲ್ಲಿ ಒಂದು ಲೋಟವನ್ನು ಬಾಯಿಯ ಮುಂದೆ ಹಿಡಿದು ಅವಳಿಗೆ ತೋರಿಸಿದ.

"ಇದು ಪೈಪು ಅಂದ್ಕೋ. ನಾನು ಬಲಗೈಲಿ ಹಚ್ತೀನಿ. ಬೆಂಕಿ ತಪ್ಪಿದರೆ ಎಲ್ಲಿ ಸುಡುತ್ತೆ?"

"ಬಲಗಡೆ."

"ಆ ಪೈಪು ಸುಟ್ಟಿರೋದು ಎಡಗಡೆ."

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅವನು ಅಡ್ಡ ನಿಂತ.

"ಬೇಡ. ಆ ಕೈಗೆ ಕಲಿಸಿದ್ದು ನಾನು. ಅವನು ಸುಟ್ಟ ಅಂದ್ರೆ ನನ್ನ ಪಾಠ ಸುಟ್ಟ ಹಾಗೆ. ಅವನೇ ಒಂದಿನ ಹೇಳ್ತಾನೆ. ಹೇಳದೆ ಇರೋಕಾಗಲ್ಲ ಅವನಿಗೆ."

"ಹೇಳದಿದ್ರೆ?"

"ನಾನಿರೋವರೆಗೂ ನೀನು ಈ ಮಾತು ಎತ್ತಬೇಡ."

*

ಚಿತಾಗಾರದ ಹಜಾರದಲ್ಲಿ ಮೂವತ್ತು ಕುರ್ಚಿಗಳಿದ್ದವು, ಇಪ್ಪತ್ತು ತುಂಬಿದ್ದವು. ಹೆಚ್ಚಿನವರು ಹಳೆಯ ಗಿರಾಕಿಗಳು. ಹಲ್ಲಿನ ಡಾಕ್ಟರೂ ಇದ್ದರು. ಎದುರಿಗೆ ತೆರೆದ ಪೆಟ್ಟಿಗೆಯಲ್ಲಿ ಅವನು ಮಲಗಿದ್ದ.

"ನೋಡಿ ಅತ್ತಿಗೆ," ನಾದಿನಿ ಪಿಸುಗುಟ್ಟಿದಳು, "ಎಷ್ಟು ವರ್ಷ ಆದ್ಮೇಲೆ ನೆಟ್ಟಗೆ ಇದಾನೆ."

ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅವಳು ಎಂಟೂ ಲೈಟರುಗಳನ್ನು ಸಾಲಾಗಿ ಇಟ್ಟಿದ್ದಳು. ಬಂದವರು ಒಂದೊಂದನ್ನೇ ಎತ್ತಿ ಒತ್ತುತ್ತಿದ್ದರು. ಒಂದೇ ಒತ್ತಿಗೆ ಹಳದಿ ಜ್ವಾಲೆ ಬರುತ್ತಿತ್ತು. "ಕೈ ಅಂದ್ರೆ ಕೈ," ಎಂದು ಡಾಕ್ಟರು ಯಾರಿಗೋ ಹೇಳಿದರು. ಆ ಯಾರೋ ದನಿ ತಗ್ಗಿಸಿ, "ಆದ್ರೂ ಜಡ್ಜ್ ಪೈಪ್ ಸುಟ್ಟಿದ್ದು ಇವರೇ ಅಲ್ವಾ?" ಎಂದ. ಅವಳ ಬೆನ್ನು ಅತ್ತ ಇತ್ತು. ಕಿವಿ ಮಾತ್ರ ಅಲ್ಲೇ ಇತ್ತು.

ಜಡ್ಜ್ ಕೋಲೂರಿಕೊಂಡು ಬಂದರು. ಎಂಬತ್ತೈದು ದಾಟಿದ್ದರೂ ಕೋಟಿನ ಗುಂಡಿಗಳೆಲ್ಲ ಸರಿಯಾಗಿದ್ದವು. ಜೇಬಿನಿಂದ ಒಂದು ಬಟ್ಟೆಯ ಚೀಲ ತೆಗೆದು ಅವಳ ಕೈಗಿಟ್ಟರು. "ತಗೋ ತಾಯಿ, ನೀನು ಕೇಳಿದ್ದು. ಡಾಕ್ಟ್ರು ಸೇದೋದು ಬಿಡಿಸಿದಾರೆ, ಬಾಯಿಗಿಟ್ಟು ಆರು ವರ್ಷ ಆಯ್ತು. ಮೇಷ್ಟ್ರು ಇದನ್ನ ಕೊನೇ ಸಲ ನೋಡ್ಬೇಕು ಅಂದಿದ್ರಾ?"

"ಹೌದು," ಎಂದಳು. ಜೀವನದಲ್ಲಿ ಅವಳು ಹೇಳಿದ ಸುಳ್ಳುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಇದನ್ನು ಹಿಂದಿನ ದಿನ ಚೀಟಿಯಲ್ಲಿ ಬರೆದು ಓದಿಕೊಂಡಿದ್ದಳು.

ಮಾಲೀಕ ಬಂದದ್ದು ಕೊನೆಗೆ, ದೊಡ್ಡ ಹೂಗುಚ್ಛದೊಂದಿಗೆ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಅವಳಿಗೆ ಕೈಮುಗಿದು ಎಲ್ಲರ ಮುಂದೆ ನಿಂತು ಮಾತಾಡಿದ. ತಂದೆಯಂತೆ ಇದ್ದರು ಎಂದ. ಲೈಟರು ಹಿಡಿಯುವುದನ್ನು ತನಗೆ ಕಲಿಸಿದವರು ಎಂದ. ಅವಳು ಕಾದಳು. ಈಗಲಾದರೂ ಹೇಳಲಿ; ಹೇಳಿಬಿಟ್ಟರೆ ಚೀಲವನ್ನು ತೆರೆಯುವುದೇ ಬೇಡ.

"ಮನುಷ್ಯ ಅಂದ್ಮೇಲೆ ಒಂದ್ಸಲ ಕೈ ತಪ್ಪುತ್ತೆ," ಎಂದ ಮಾಲೀಕ, ಜಡ್ಜ್ ಕಡೆ ತಿರುಗಿ ನಸುನಗುತ್ತ. "ಎಲ್ಲರಿಗೂ ಗೊತ್ತಿರೋ ವಿಷಯ. ನಾವು ಅದನ್ನ ಅವತ್ತೇ ಕ್ಷಮಿಸಿಬಿಟ್ವಿ."

ಹಿಂದಿನ ಸಾಲಿನಲ್ಲಿ ಯಾರೋ ತಲೆದೂಗಿದರು. ನಾದಿನಿ ಅವಳ ಮೊಣಕೈ ಹಿಡಿದಳು. "ಕ್ಷಮಿಸಿದನಂತೆ! ಅತ್ತಿಗೆ, ಇನ್ನು ತಡ ಮಾಡ್ಬೇಡಿ."

ಅವಳು ಎದ್ದು ಚೀಲದಿಂದ ಪೈಪು ತೆಗೆದಳು. ಬಟ್ಟಲಿಗೆ ತಾನು ತಂದಿದ್ದ ತಂಬಾಕು ತುಂಬಿದಳು, ಗಂಡ ತುಂಬುತ್ತಿದ್ದ ಹಾಗೆ: ಕೆಳಗೆ ಸಡಿಲ, ಮೇಲೆ ಬಿಗಿ.

"ಮಾಲೀಕರೇ, ಶುಚಿ ಮಾಡಿದ ಪೈಪನ್ನ ಹಚ್ಚಿ ನೋಡಿ ಕೊಡೋದು ನಿಮ್ಮ ಅಂಗಡಿ ಪದ್ಧತಿ ಅಲ್ವಾ? ಇದನ್ನ ಅವರು ಶುಚಿ ಮಾಡಿದ್ರು, ಹಚ್ಚೋಕಾಗಲಿಲ್ಲ. ಅವರ ಎದುರಿಗೆ ನೀವೊಂದ್ಸಲ ಹಚ್ಚಿಕೊಡಿ. ಅವರು ಕಲಿಸಿದ ಹಾಗೆ."

ಮಾಲೀಕನಿಗೆ ಕಣ್ಣು ತುಂಬಿತು. ನಿಜವಾಗಿಯೂ ತುಂಬಿತು. "ಹಚ್ತೀನಿ ಅಕ್ಕ," ಎಂದ. ಕರವಸ್ತ್ರದಲ್ಲಿ ತುದಿ ಒರೆಸಿ ಬಾಯಿಗಿಟ್ಟುಕೊಂಡ. ಮೇಜಿನತ್ತ ನೋಡಿದ. ಎಂಟರಲ್ಲಿ ಯಾವುದನ್ನು ಎತ್ತಬೇಕೆಂದು ಹೊಳೆಯಲಿಲ್ಲ. ಕೊನೆಗೆ ತನ್ನದೇ ಜೇಬಿಗೆ ಕೈಹಾಕಿದ. ಸುಯ್ಯೆಂದು ನೀಲಿ ಜ್ವಾಲೆ ಎದ್ದಿತು.

ಅದು ಎಡಗೈಯಲ್ಲಿತ್ತು.

ಜನ ಹತ್ತಿರ ಬಂದು ನಿಂತಿದ್ದರು. ಜ್ವಾಲೆ ಎಡಗಡೆಯಿಂದ ಬಾಗಿ, ಹತ್ತೊಂಬತ್ತು ವರ್ಷದ ಹಿಂದೆ ಬಿದ್ದ ಕರಿ ಗುರುತಿನ ಮೇಲೆ, ಅಳತೆ ತೆಗೆದು ಇಟ್ಟಂತೆ ಹೋಗಿ ನಿಂತಿತು.

"ಅಲ್ಲೇ ಹಿಡೀರಿ," ಎಂದಳು ಅವಳು. "ಅಲ್ಲಾಡಿಸಬೇಡಿ. ಎಲ್ಲರೂ ನೋಡಲಿ."

ಮಾಲೀಕನ ಕಣ್ಣು ಮೂಗಿನ ಕೆಳಗಿದ್ದ ಪೈಪಿನ ಅಂಚಿಗೆ ಇಳಿಯಿತು. ಹೆಬ್ಬೆರಳು ಸಡಿಲಾಯಿತು; ಜ್ವಾಲೆ ಹೋಯಿತು.

"ನಮ್ಮಣ್ಣ ಬಲಗೈಯವನು ಕಣಪ್ಪಾ," ನಾದಿನಿ ಹಜಾರಕ್ಕೆಲ್ಲ ಕೇಳುವಂತೆ ಹೇಳಿದಳು. "ಅನ್ನ ತಿನ್ನೋದೂ ಬಲಗೈಲಿ, ನಿನ್ನಂಥೋನಿಗೆ ಕೈಮುಗಿಯುವಾಗ ಮಾತ್ರ ಎರಡೂ ಕೈ!"

ಡಾಕ್ಟರು ಕನ್ನಡಕ ಏರಿಸಿಕೊಂಡು ಪೈಪನ್ನೇ ನೋಡಿದರು. ಆಮೇಲೆ ಮಾಲೀಕನನ್ನು ನೋಡಿದರು. "ಓಹೋ," ಎಂದರು. ಅಷ್ಟು ಸಾಕಿತ್ತು. ಮಾಲೀಕ ಪೈಪನ್ನು ಬಾಯಿಂದ ತೆಗೆದ.

"ಅಕ್ಕ, ಅವತ್ತು ನಾನು... ಹೊಸದಾಗಿ ಕೂತಿದ್ದೆ. ಜಡ್ಜ್ ಸಾಹೇಬ್ರು ಎದುರಿಗೆ ನಿಂತಿದ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನಾನೇ ಸುಟ್ಟಿದ್ದು."

ವಾಕ್ಯ ಬಂದಿತ್ತು. ಅದು ಬಂದಾಗ ಏನಾಗುತ್ತದೆಂದು ಅವಳು ಸಾವಿರ ಸಲ ಊಹಿಸಿದ್ದಳು: ಮಾಲೀಕನ ತಲೆ ತಗ್ಗುತ್ತದೆ, ಜಡ್ಜ್ ದಿಗ್ಭ್ರಮೆಯಿಂದ ನೋಡುತ್ತಾರೆ, ಪೆಟ್ಟಿಗೆಯ ಹತ್ತಿರ ಹೋಗಿ ಕೈಮುಗಿಯುತ್ತಾರೆ. ಮಾಲೀಕನ ತಲೆ ತಗ್ಗಿತು. ಅವಳು ಜಡ್ಜ್ ಕಡೆ ತಿರುಗಿದಳು.

ಜಡ್ಜ್ ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದರು. ಮುಖದಲ್ಲಿ ಬೇಸರವಿತ್ತು, ಆಶ್ಚರ್ಯವಿರಲಿಲ್ಲ.

"ಇದಕ್ಕೋಸ್ಕರ ಇಷ್ಟೆಲ್ಲ ಮಾಡಿದೆಯಾ ತಾಯಿ? ಫೋನಲ್ಲೇ ಕೇಳಿದ್ರೆ ನಾನೇ ಹೇಳ್ತಿದ್ದೆನಲ್ಲ."

"ಏನು ಹೇಳ್ತಿದ್ರಿ?"

"ಎಡಗಡೆ ಸುಟ್ಟಿದೆ, ಅಂದ್ರೆ ಎಡಗೈಯವನ ಕೆಲಸ ಅಂತ. ಪೈಪು ಮನೆಗೆ ತಗೊಂಡು ಹೋದ ದಿನಾನೇ ಗೊತ್ತಾಯ್ತು. ಜೀವಮಾನ ಎಲ್ಲ ಇಂಥದ್ದನ್ನೇ ನೋಡಿದವನು ನಾನು."

ಅವಳು ಜಡ್ಜ್ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಮತ್ತೆ ಹೇಳಲಿಲ್ಲ ಯಾಕೆ?"

"ಯಾರೂ ಕೇಳಲಿಲ್ಲ. ಮೇಷ್ಟ್ರೇ ಸುಮ್ಮನಿದ್ರು. ಒಂದು ಪೈಪಿನ ವಿಷಯ, ಅಷ್ಟು ಹೊತ್ತಿಗೆ ಊರೆಲ್ಲ ಮಾತಾಡಿ ಮುಗಿಸಿತ್ತು."

"ಊರು ಮಾತಾಡಿದ್ದು ನಿಮ್ಮ ಕ್ಲಬ್ಬಿಂದ," ಎಂದಳು ನಾದಿನಿ. "ಸುಟ್ಟ ಮೇಷ್ಟ್ರು ಅಂತ ಹೆಸರಿಟ್ಟೋರು ಯಾರು?"

ಜಡ್ಜ್ ಅವಳತ್ತ ನೋಡಲಿಲ್ಲ. ಕೋಟಿನ ಕೆಳಗುಂಡಿಯನ್ನು ಮುಟ್ಟಿ ನೋಡಿಕೊಂಡರು. "ಅದು ತಮಾಷೆಗೆ ಅಂದಿದ್ದು," ಎಂದರು. "ಎಲ್ಲರೂ ನಕ್ಕರು."

ಒಳಬಾಗಿಲು ತೆರೆದು ಒಲೆಯ ಕೆಲಸದವನು ಇಣುಕಿದ. "ನಾಲ್ಕಾಯ್ತು. ಮನೆಯವರು ಬನ್ನಿ. ಬಾಗಿಲು ತೆಗೆದಿದೀನಿ, ಜಾಸ್ತಿ ಹೊತ್ತು ಇಡೋಕಾಗಲ್ಲ."

ನಾಲ್ಕು ಜನ ಪೆಟ್ಟಿಗೆಗೆ ಮುಚ್ಚಳ ಹಾಕಿ ಗಾಲಿಯ ಮೇಲೆ ತಳ್ಳಿದರು. ಮಗಳು ಅವಳ ಹತ್ತಿರ ಓಡಿಬಂದಳು. "ಅಮ್ಮ, ಬಾ. ಅಪ್ಪನ್ನ ಒಳಗೆ ತಗೊಂಡು ಹೋಗ್ತಿದಾರೆ. ಇದು ಸಾಕು, ಬಾ."

"ಬರ್ತೀನಿ. ನೀನು ನಡಿ."

ಅವಳು ಮಾಲೀಕನ ಮುಂದೆ ಕೈಚಾಚಿದಳು. ಅವನು ಪೈಪನ್ನೂ ಲೈಟರನ್ನೂ ಎರಡನ್ನೂ ಕೊಟ್ಟ, ಯಾಕೆಂದು ಕೇಳದೆ. ಪೈಪನ್ನು ಎಡಗೈಯಲ್ಲಿ ಹಿಡಿದಳು. ಲೈಟರು ಬಲಗೈಯಲ್ಲಿ. ಇದುವರೆಗೆ ಅವಳು ಯಾರ ಪೈಪನ್ನೂ ಹಚ್ಚಿದವಳಲ್ಲ; ಗಂಡ ಹಚ್ಚುವುದನ್ನು ನೋಡಿದ್ದಳು, ಅಷ್ಟೆ. ಒತ್ತಿದಳು. ನೀಲಿ ಸೂಜಿಯನ್ನು ತಂಬಾಕಿನಿಂದ ಆಚೆ ಸರಿಸಿ, ಬಟ್ಟಲಿನ ಬಲಗಡೆಯ ನುಣ್ಣನೆಯ ಅಂಚಿಗೆ ಹಿಡಿದಳು.

"ಏನ್ ಮಾಡ್ತಿದೀಯಮ್ಮ?" ಜಡ್ಜ್ ದನಿ ಮೊದಲ ಸಲ ಏರಿತು. "ಅದು ನಮ್ಮ ತಂದೆಯವರದು!"

"ಗೊತ್ತು."

"ನಿಲ್ಲಿಸು! ಯಾರಾದ್ರೂ ಹಿಡ್ಕೊಳ್ರೀ ಅವಳನ್ನ!"

ಯಾರೂ ಮುಂದೆ ಬರಲಿಲ್ಲ. ಡಾಕ್ಟರು ನೆಲ ನೋಡುತ್ತಿದ್ದರು. ನಾದಿನಿಯೂ ಬಾಯಿ ತೆರೆದು ನಿಂತಿದ್ದಳು.

"ಕೈ ಜಾರಿತು ಅಂತ ಹೇಳ್ಬೇಡಿ," ಎಂದಳು ಅವಳು, ಜ್ವಾಲೆಯಿಂದ ಕಣ್ಣು ತೆಗೆಯದೆ. "ಕೇಳಿದವರಿಗೆ ನನ್ನ ಹೆಸರೇ ಹೇಳಿ."

ಒಳಗಿನಿಂದ ಮಗಳು ಕರೆದಳು. ಮತ್ತೊಮ್ಮೆ ಕರೆದಳು. ಆಮೇಲೆ ಕಬ್ಬಿಣದ ಬಾಗಿಲು ಜಾರಿ ಬಂದು ಕೂತ ಸದ್ದು, ಅದರ ಬೆನ್ನಿಗೆ ಗುಂಯ್ಯೆಂದು ಒಲೆಯ ಸದ್ದು ಕೇಳಿತು. ಅವಳ ಹೆಗಲು ಒಮ್ಮೆ ಆ ಕಡೆಗೆ ತಿರುಗಿತು, ಕೈ ತಿರುಗಲಿಲ್ಲ. ಹಳೆಯ ಮರ, ಗಟ್ಟಿಯಾಗಿತ್ತು. ಅಂಚು ಮೊದಲು ಬೆವರಿತು, ಆಮೇಲೆ ಕಂದು ಹಿಡಿಯಿತು. ಕಪ್ಪಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.